20 ಸಾವಿರವೂ 30 ಲಕ್ಷ ಕೋಟಿಯೂ ಒಂದೇ ಚಿತ್ರದಲ್ಲಿ: ಬಿಡಿಸುವುದು ಹೇಗೆ?

#1 · ಗೆರೆಗಾರ

ಮನುಷ್ಯ ದೇಹದ ನಾಲ್ಕು ಸಂಖ್ಯೆಗಳನ್ನು ಒಂದು ವೆಬ್ ಪುಟದಲ್ಲಿ ಮತ್ತು ಒಂದು ಎ0 ಪೋಸ್ಟರ್‌ನಲ್ಲಿ ತೋರಿಸಬೇಕು. ನೋಡುವವರು ಹೈಸ್ಕೂಲ್ ಮಟ್ಟದವರು. ಸಂಖ್ಯೆಗಳು ಇವು:

ಪ್ರೋಟೀನ್ ತಯಾರಿಕೆಯ ಜೀನ್‌ಗಳು: ಸುಮಾರು 20,000
ತಲೆಗೂದಲು: ಸುಮಾರು 1 ಲಕ್ಷ
ಮಿದುಳಿನ ನರಕೋಶಗಳು: ಸುಮಾರು 8,600 ಕೋಟಿ
ಇಡೀ ದೇಹದ ಜೀವಕೋಶಗಳು: ಸುಮಾರು 30 ಲಕ್ಷ ಕೋಟಿ

ಸಾದಾ ಬಾರ್ ಚಾರ್ಟ್ ನಡೆಯುವುದಿಲ್ಲ. ಜೀವಕೋಶಗಳ ಕಂಬಕ್ಕೆ 1000 ಪಿಕ್ಸೆಲ್ ಕೊಟ್ಟರೆ ನರಕೋಶಗಳಿಗೆ 3 ಪಿಕ್ಸೆಲ್ ಕೂಡ ಸಿಗದು, ಉಳಿದ ಎರಡು ಕಾಣುವುದೇ ಇಲ್ಲ. ತಿರುಗಿಸಿ ಜೀನ್‌ಗಳಿಗೆ 1 ಪಿಕ್ಸೆಲ್ ಕೊಟ್ಟರೆ ಜೀವಕೋಶಗಳ ಕಂಬ 150 ಕೋಟಿ ಪಿಕ್ಸೆಲ್ ಆಗುತ್ತದೆ. ಇಂಚಿಗೆ 96 ಪಿಕ್ಸೆಲ್ ಲೆಕ್ಕದಲ್ಲಿ ಅದು 397 ಕಿ.ಮೀ. ಉದ್ದ. ಲಾಗ್ ಮಾಪಕ (ಪ್ರತಿ ಸಮ ಹೆಜ್ಜೆಗೂ ಸಂಖ್ಯೆ ಹತ್ತು ಪಟ್ಟು ಏರುವ ಅಳತೆ) ಹಾಕಿದರೆ ನಾಲ್ಕೂ ಕಂಬ ಚೆನ್ನಾಗಿ ಕಾಣುತ್ತವೆ, ಆದರೆ ಜೀನ್ ಕಂಬ ಜೀವಕೋಶದ ಕಂಬದ ಮೂರನೇ ಒಂದು ಭಾಗದಷ್ಟು ಎತ್ತರ ನಿಲ್ಲುತ್ತದೆ. 150 ಕೋಟಿ ಪಟ್ಟು ವ್ಯತ್ಯಾಸ ಮೂರು ಪಟ್ಟಿನಂತೆ ಕಂಡರೆ ಚಿತ್ರ ಸುಳ್ಳು ಹೇಳಿದ ಹಾಗೆ ಅಲ್ಲವೇ? ಬೇರೆ ದಾರಿ ಏನಿದೆ?

#2 · ಅಳತೆಗೋಲು

ತಪ್ಪು ಲಾಗ್ ಮಾಪಕದ್ದಲ್ಲ, ಕಂಬದ್ದು. ಕಂಬ ಕಂಡರೆ ಕಣ್ಣು ಬುಡದಿಂದ ತುದಿವರೆಗಿನ ಉದ್ದವನ್ನು ಅಳೆಯುತ್ತದೆ. ಲಾಗ್ ಮಾಪಕದಲ್ಲಿ ಸೊನ್ನೆಗೆ ಜಾಗವೇ ಇಲ್ಲ, ಹಾಗಾಗಿ ಬುಡ ಎಲ್ಲಿರಬೇಕೆಂಬುದು ಬಿಡಿಸುವವರ ಇಷ್ಟಕ್ಕೆ ಬಿಟ್ಟಿದ್ದು. ಬುಡವನ್ನು 1ರಲ್ಲಿ ಇಟ್ಟಿದ್ದೀರಿ, ಎತ್ತರದ ವ್ಯತ್ಯಾಸ 3 ಪಟ್ಟು ಬಂತು. ಅದನ್ನೇ 10,000ಕ್ಕೆ ಏರಿಸಿ ನೋಡಿ, ಅದೇ ಸಂಖ್ಯೆಗಳಿಗೆ 31 ಪಟ್ಟು ಬರುತ್ತದೆ. ಎರಡೂ ಎತ್ತರಗಳಿಗೆ ಅರ್ಥವಿಲ್ಲ.

ಲಾಗ್ ಅಕ್ಷ ಬೇಕೇ ಬೇಕೆಂದರೆ ಕಂಬ ಬಿಟ್ಟು ಚುಕ್ಕಿ ಇಡಿ. ಚುಕ್ಕಿಗೆ ಉದ್ದವಿಲ್ಲ, ಸ್ಥಾನ ಮಾತ್ರ ಇದೆ. ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರವೂ ಒಂದೇ ಅಕ್ಷದ ಮೇಲಿನ ಸ್ಥಾನವನ್ನು ಓದುವುದರಲ್ಲಿ ಕಣ್ಣು ಎಲ್ಲಕ್ಕಿಂತ ಕಡಿಮೆ ತಪ್ಪು ಮಾಡುತ್ತದೆ. ಉದ್ದ, ಕೋನ, ವಿಸ್ತೀರ್ಣ, ಗಾತ್ರ, ಬಣ್ಣ ಅದರ ನಂತರ ಬರುತ್ತವೆ.

ಅಕ್ಷದ ಗುರುತುಗಳ ಬಗ್ಗೆ ಒಂದು ಮಾತು. ಸಾಫ್ಟ್‌ವೇರ್ ತಾನಾಗಿ ಹಾಕುವ ಗುರುತು ಸಾವಿರ, ಮಿಲಿಯನ್, ಬಿಲಿಯನ್ ಎಂದು ಸಾವಿರ ಪಟ್ಟಿನ ಹೆಜ್ಜೆ ಇಡುತ್ತದೆ. ಅದನ್ನು ಕನ್ನಡಕ್ಕೆ ತಂದರೆ ಸಾವಿರ, ಹತ್ತು ಲಕ್ಷ, ನೂರು ಕೋಟಿ, ಒಂದು ಲಕ್ಷ ಕೋಟಿ ಎಂದು ಕುಂಟುತ್ತದೆ. ನಮ್ಮ ಎಣಿಕೆಗೆ ನೂರು ಪಟ್ಟಿನ ಹೆಜ್ಜೆ ಸಹಜ: ಸಾವಿರ, ಲಕ್ಷ, ಕೋಟಿ, ನೂರು ಕೋಟಿ, ಹತ್ತು ಸಾವಿರ ಕೋಟಿ, ಹತ್ತು ಲಕ್ಷ ಕೋಟಿ. ಲಾಗ್ ಅಕ್ಷದ ಮೇಲೆ ಈ ಆರೂ ಗುರುತುಗಳು ಸಮ ದೂರದಲ್ಲಿ ಕೂರುತ್ತವೆ. ಗುರುತುಗಳನ್ನು ಕೈಯಿಂದಲೇ ಬರೆದು ಕೊಡಿ. ಚಾರ್ಟ್ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ ಡಿ3ಯ ‘ಎಸ್’ ಫಾರ್ಮ್ಯಾಟ್ ನಂಬಿದರೆ ನೂರು ಕೋಟಿಯ ಪಕ್ಕದಲ್ಲಿ ‘ಗಿಗಾ’ದ ಜಿ ಅಕ್ಷರ ಬಂದು ಕೂರುತ್ತದೆ.

#3 · ಚುಕ್ಕಿಎಣಿಕೆ

ಲಾಗ್ ಅಕ್ಷ ಬಲ್ಲವರಿಗೆ ಅದು ಸರಿ. ಹೈಸ್ಕೂಲ್ ಮಕ್ಕಳಿಗೆ ಅಕ್ಷದ ಮೇಲಿನ ಎರಡು ಸೆಂಟಿಮೀಟರ್ ಅಂದರೆ ಎರಡು ಸೆಂಟಿಮೀಟರ್, ಅಷ್ಟೇ. ನೂರು ಪಟ್ಟು ಎಂಬುದು ಮೈಗೆ ಹತ್ತಬೇಕಾದರೆ ನೂರು ವಸ್ತು ಕಣ್ಣಿಗೆ ಕಾಣಬೇಕು.

ಅದಕ್ಕೂ ಮೊದಲು ತೀರ್ಮಾನಿಸಬೇಕಾದ್ದು ಆಯಾಮ. ಒಂದು ಎಣಿಕೆಗೆ 1 ಮಿ.ಮೀ. ಕೊಟ್ಟು ಸಾಲಾಗಿ ಜೋಡಿಸಬಹುದು, ಚೌಕವಾಗಿ ಹರಡಬಹುದು, ಘನವಾಗಿ ಪೇರಿಸಬಹುದು. ಹತ್ತು ಲಕ್ಷವನ್ನೇ ತೆಗೆದುಕೊಳ್ಳಿ. ಸಾಲಾಗಿ ಇಟ್ಟರೆ 1 ಕಿ.ಮೀ., ಚೌಕವಾದರೆ 1 ಮೀಟರ್ ಬದಿ, ಘನವಾದರೆ 10 ಸೆಂ.ಮೀ. ಬದಿ. ಮೂರೂ ಸತ್ಯ. ಆದರೆ ಮೊದಲನೆಯದು ‘ಅಬ್ಬಾ’ ಅನ್ನಿಸುತ್ತದೆ, ಮೂರನೆಯದು ‘ಇಷ್ಟೇನಾ’ ಅನ್ನಿಸುತ್ತದೆ. ಪ್ರಚಾರದ ಚಿತ್ರಗಳು ಆಟ ಆಡುವುದು ಇಲ್ಲಿಯೇ.

ನಿಮ್ಮ ಸಂಖ್ಯೆಗಳಿಗೆ ಲೆಕ್ಕ ಹೀಗೆ:

ಜೀನ್‌ಗಳು: ಸಾಲು 20 ಮೀ., ಚೌಕದ ಬದಿ 14 ಸೆಂ.ಮೀ., ಘನದ ಬದಿ 2.7 ಸೆಂ.ಮೀ.
ಕೂದಲು: 100 ಮೀ., 32 ಸೆಂ.ಮೀ., 4.6 ಸೆಂ.ಮೀ.
ನರಕೋಶಗಳು: 86,000 ಕಿ.ಮೀ., 293 ಮೀ., 4.4 ಮೀ.
ಜೀವಕೋಶಗಳು: 3 ಕೋಟಿ ಕಿ.ಮೀ., 5.5 ಕಿ.ಮೀ., 31 ಮೀ.

ಘನದ ಅಂಕಣ ನೋಡಿ. ಅಂಗೈಯಲ್ಲಿ ಹಿಡಿಯುವ ಎರಡು ಘನ, ಒಂದು ದೊಡ್ಡ ಕೋಣೆಯಷ್ಟು, ಇನ್ನೊಂದು ಹತ್ತು ಮಹಡಿ ಕಟ್ಟಡದಷ್ಟು. ನಾಲ್ಕೂ ಮನುಷ್ಯನ ಕಲ್ಪನೆಗೆ ನಿಲುಕುತ್ತವೆ. ನನ್ನ ಮತ ಇದಕ್ಕೆ.

#4 · ಮಾಪಕ

ನಿಲುಕುತ್ತವೆ, ಆದರೆ ತಪ್ಪಾಗಿ ನಿಲುಕುತ್ತವೆ. ಜೀವಕೋಶಗಳು ನರಕೋಶಗಳಿಗಿಂತ ಸುಮಾರು 349 ಪಟ್ಟು ಹೆಚ್ಚು. ಘನವಾಗಿ ಬಿಡಿಸಿದರೆ ಎತ್ತರದಲ್ಲಿ 7 ಪಟ್ಟು. ನೋಡುವವರಲ್ಲಿ ಹೆಚ್ಚಿನವರು ಎತ್ತರ ಓದುತ್ತಾರೆ, ಘನಫಲ ಓದುವುದಿಲ್ಲ.

ಇದಕ್ಕೆ ಒಳ್ಳೆಯ ಉದಾಹರಣೆ ಭೂಮಿಯ ನೀರು. ಒಟ್ಟು ಸುಮಾರು 138.6 ಕೋಟಿ ಘನ ಕಿ.ಮೀ. ಅದನ್ನೆಲ್ಲ ಒಂದೇ ಚೆಂಡಾಗಿಸಿದರೆ ವ್ಯಾಸ ಸುಮಾರು 1,385 ಕಿ.ಮೀ., ಅಂದರೆ ಭೂಮಿಯ ವ್ಯಾಸದ ಒಂಬತ್ತನೇ ಒಂದು ಭಾಗ. ಬೋಳು ಭೂಮಿಯ ಪಕ್ಕ ಆ ನೀಲಿ ಗೋಲಿ ಇಟ್ಟ ಚಿತ್ರ ನೋಡಿದರೆ ಭೂಮಿಯಲ್ಲಿ ನೀರೇ ಇಲ್ಲವೇನೋ ಅನ್ನಿಸುತ್ತದೆ. ಅದೇ ನೀರನ್ನು ಇಡೀ ಭೂಮಿಯ ಮೇಲೆ ಸಮನಾಗಿ ಹರಡಿದರೆ 2.7 ಕಿ.ಮೀ. ಆಳ ನಿಲ್ಲುತ್ತದೆ. ಈಗ ಭೂಮಿ ಪೂರ್ತಿ ಮುಳುಗಿತು! ಮತ್ತೆ, 1 ಮೀಟರ್ ವ್ಯಾಸದ ಗೋಳ ಮಾಡಿ ಅದೇ ಪದರ ಬಳಿದರೆ ದಪ್ಪ 0.2 ಮಿ.ಮೀ. ಮೂರು ಚಿತ್ರ, ಒಂದೇ ಸಂಖ್ಯೆ, ಮೂರು ಭಾವನೆ. ನೀರು ಎಷ್ಟು ವಿರಳ ಎಂಬ ಪ್ರಶ್ನೆಗೆ ಚೆಂಡು ಸರಿ, ಸಮುದ್ರದ ಆಳದ ಪ್ರಶ್ನೆಗೆ ಪದರ ಸರಿ. ಪ್ರಶ್ನೆ ಯಾವುದೆಂದು ಗೊತ್ತಿಲ್ಲದೆ ಆಕಾರ ಆರಿಸಬಾರದು.

ವಿಸ್ತೀರ್ಣಕ್ಕೂ ಇದೇ ಕಾಯಿಲೆ ಇದೆ, ಸ್ವಲ್ಪ ಕಡಿಮೆ. ದೊಡ್ಡ ವೃತ್ತ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ನಕ್ಷೆ ಮಾಡುವವರು ಇದಕ್ಕೆ ಫ್ಲಾನರಿ ತಿದ್ದುಪಡಿ ಬಳಸುತ್ತಾರೆ: ತ್ರಿಜ್ಯಕ್ಕೆ ಸಂಖ್ಯೆಯ ವರ್ಗಮೂಲ, ಅಂದರೆ 0.5 ಘಾತ, ಕೊಡುವ ಬದಲು 0.5716 ಘಾತ. ನೂರು ಪಟ್ಟಿನ ಸಂಖ್ಯೆಗೆ ತ್ರಿಜ್ಯ 10 ಪಟ್ಟಿನ ಬದಲು 13.9 ಪಟ್ಟು ಬರುತ್ತದೆ. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ಅಳತೆಪಟ್ಟಿ ಹಿಡಿದು ನೋಡಿದರೆ ವಿಸ್ತೀರ್ಣ 193 ಪಟ್ಟು ಇರುತ್ತದೆ, ಅದೂ ಎಲ್ಲರ ಕಣ್ಣಿಗೂ ಒಂದೇ ತರಹ ಸರಿಹೊಂದುವುದಿಲ್ಲ. ತಿದ್ದುಪಡಿಗಿಂತ ಪಕ್ಕದಲ್ಲಿ ಮೂರು ಮಾದರಿ ವೃತ್ತಗಳನ್ನು ಸಂಖ್ಯೆ ಸಮೇತ ಇಡುವುದು ಮೇಲು.

ಇನ್ನೂ ಸಾಮಾನ್ಯವಾದ ತಪ್ಪು: ಸಂಖ್ಯೆಯನ್ನು ನೇರವಾಗಿ ತ್ರಿಜ್ಯಕ್ಕೆ ಕೊಡುವುದು. ಆಗ ನೂರು ಪಟ್ಟು ಹತ್ತು ಸಾವಿರ ಪಟ್ಟಾಗಿ ಹಿಗ್ಗುತ್ತದೆ. 1858ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಸೈನಿಕರ ಸಾವುಗಳ ಚಿತ್ರದಲ್ಲಿ ದಳಗಳ ವಿಸ್ತೀರ್ಣವನ್ನೇ ಸಂಖ್ಯೆಗೆ ಹೊಂದಿಸಿದ್ದರು. ಅದು ಇವತ್ತಿಗೂ ಎಷ್ಟೋ ಜನರಿಗೆ ಬರುವುದಿಲ್ಲ.

#5 · ಗೆರೆಗಾರ

ಹಾಗಾದರೆ ಘನ ಬೇಡವೇ? ಪಕ್ಕದಲ್ಲಿ ಒಬ್ಬ ಮನುಷ್ಯನ ಆಕೃತಿ ನಿಲ್ಲಿಸಿದರೆ ಅಂದಾಜು ಸಿಗುವುದಿಲ್ಲವೇ?

#6 · ಮಾಪಕ

ಲೆಕ್ಕ ಹಾಕಿ ನೋಡಿ. 31 ಮೀಟರ್ ಘನಕ್ಕೆ ಪರದೆಯಲ್ಲಿ 600 ಪಿಕ್ಸೆಲ್ ಎತ್ತರ ಕೊಟ್ಟರೆ 1.7 ಮೀಟರ್ ಮನುಷ್ಯನಿಗೆ 33 ಪಿಕ್ಸೆಲ್, ಕೂದಲಿನ ಘನಕ್ಕೆ 1 ಪಿಕ್ಸೆಲ್‌ಗಿಂತ ಕಡಿಮೆ. ಒಂದೇ ಚಿತ್ರದಲ್ಲಿ ನಾಲ್ಕೂ ಸೇರುವುದಿಲ್ಲ. ಅಂಗೈ ಮತ್ತು ಎರಡು ಸಣ್ಣ ಘನಗಳದ್ದು ಒಂದು ಚಿತ್ರ, ಮನುಷ್ಯ ಮತ್ತು ಎರಡು ದೊಡ್ಡ ಘನಗಳದ್ದು ಇನ್ನೊಂದು, ಹೀಗೆ ಎರಡಾದರೆ ಸರಿ. ಆಗಲೂ ದೂರಕ್ಕೆ ಕಿರಿದಾಗುವ ನೋಟ ಬಳಸಬೇಡಿ, ಹಿಂದಿನ ಘನ ಇನ್ನೂ ಚಿಕ್ಕದಾಗಿ ಮೋಸ ಮಾಡುತ್ತದೆ. ದೂರವಾದರೂ ಅಳತೆ ಕುಗ್ಗದ ಐಸೊಮೆಟ್ರಿಕ್ ನೋಟ ಸಾಕು.

#7 · ನಕ್ಷೆಪುಟ

ಚಿಹ್ನೆ ಹಿಗ್ಗಿಸಬೇಡ, ಪುನರಾವರ್ತಿಸು. ಇದು 1920ರ ದಶಕದಲ್ಲಿ ವಿಯೆನ್ನಾದಲ್ಲಿ ಓಟ್ಟೊ ನ್ಯೂರಾತ್ ಮತ್ತು ಅವರ ತಂಡ ಹಾಕಿಕೊಂಡ ನಿಯಮ. ಮುಂದೆ ಅದಕ್ಕೆ ಐಸೋಟೈಪ್ ಎಂಬ ಹೆಸರು ಬಂತು. ಹೆಚ್ಚಿನ ಪ್ರಮಾಣವೆಂದರೆ ಅದೇ ಅಳತೆಯ ಇನ್ನಷ್ಟು ಚಿಹ್ನೆಗಳು, ದೊಡ್ಡ ಚಿಹ್ನೆಯಲ್ಲ.

ನಿಮ್ಮ ವ್ಯಾಪ್ತಿಗೆ ನೇರ ಪುನರಾವರ್ತನೆ ಸಾಲದು. ನೇರ ಅಳತೆ ಎಲ್ಲಿವರೆಗೆ ಓಡುತ್ತದೆ ಎಂಬುದಕ್ಕೆ ಮಿನಾರ್ಡ್ 1869ರಲ್ಲಿ ಬಿಡಿಸಿದ ನೆಪೋಲಿಯನ್ ದಂಡಯಾತ್ರೆಯ ನಕ್ಷೆ ನೋಡಿ. 10,000 ಸೈನಿಕರಿಗೆ 1 ಮಿ.ಮೀ. ಅಗಲ. ಹೊರಟ 4,22,000 ಜನರಿಗೆ 42 ಮಿ.ಮೀ. ಪಟ್ಟಿ, ಮರಳಿದ 10,000 ಜನರಿಗೆ 1 ಮಿ.ಮೀ. ಗೆರೆ. 42 ಪಟ್ಟಿನ ವ್ಯತ್ಯಾಸ ಕಾಗದದ ಮೇಲೆ ಹಿಡಿಯಿತು. ಕೆಲವು ನೂರು ಪಟ್ಟುಗಳವರೆಗೂ ಎಳೆಯಬಹುದು. ಅದರಾಚೆಗೆ ಮೆಟ್ಟಿಲು ಬೇಕು.

ಅಳತೆಗೋಲು ಅವರು ಹೇಳಿದ ನೂರು ಪಟ್ಟಿನ ಹೆಜ್ಜೆಯನ್ನೇ ಮೆಟ್ಟಿಲು ಮಾಡಿ:

1. ಮೊದಲ ಚೌಕಟ್ಟು 10×10 ಮನೆಗಳದ್ದು. ಮನೆಗೆ 10 ಚುಕ್ಕಿ. ಒಟ್ಟು ಸಾವಿರ. ಇಲ್ಲಿ ಮಾತ್ರ ಚುಕ್ಕಿಗಳನ್ನು ನಿಜವಾಗಿ ಎಣಿಸಬಹುದು.
2. ಆ ಇಡೀ ಚೌಕಟ್ಟು ಕುಗ್ಗಿ ಮುಂದಿನ ಚೌಕಟ್ಟಿನ ಒಂದು ಮನೆಯಾಗುತ್ತದೆ. ನೂರು ಮನೆ ಸೇರಿ ಲಕ್ಷ.
3. ಅದು ಮತ್ತೆ ಒಂದು ಮನೆ. ಒಟ್ಟು ಕೋಟಿ.
4. ನೂರು ಕೋಟಿ.
5. ಹತ್ತು ಸಾವಿರ ಕೋಟಿ.
6. ಹತ್ತು ಲಕ್ಷ ಕೋಟಿ.

ಈಗ ನಿಮ್ಮ ಸಂಖ್ಯೆಗಳು ಎಲ್ಲಿ ಬೀಳುತ್ತವೆ ನೋಡಿ. ಜೀನ್‌ಗಳು: ಎರಡನೇ ಚೌಕಟ್ಟಿನಲ್ಲಿ 20 ಮನೆ. ಕೂದಲು: ಎರಡನೇ ಚೌಕಟ್ಟು ಪೂರ್ತಿ. ನರಕೋಶಗಳು: ಐದನೇ ಚೌಕಟ್ಟಿನಲ್ಲಿ 86 ಮನೆ. ಜೀವಕೋಶಗಳು: ಆರನೇ ಚೌಕಟ್ಟು ಮೂರು ಸಲ. ಎಲ್ಲವೂ ಕಣ್ಣಳತೆಗೆ ಸಿಗುವ ಎಣಿಕೆ. ಮೂರು ಮತ್ತು ನಾಲ್ಕನೇ ಚೌಕಟ್ಟಿನಲ್ಲಿ ಯಾವ ಸಂಖ್ಯೆಯೂ ಇಲ್ಲ. ಅವನ್ನು ಬಿಟ್ಟುಬಿಡೋಣ ಅನ್ನಿಸಬಹುದು, ಬಿಡಬೇಡಿ. ಕೂದಲಿಗೂ ನರಕೋಶಕ್ಕೂ ನಡುವಿನ ಅಂತರ ಗೊತ್ತಾಗುವುದು ಆ ಎರಡು ಖಾಲಿ ಮೆಟ್ಟಿಲು ಹತ್ತಿದಾಗಲೇ.

#8 · ಬಿಂದುಬಳಗ

ನಕ್ಷೆಪುಟ ಅವರೇ, ಜೀವಕೋಶಗಳು 30 ಟ್ರಿಲಿಯನ್ ಅಲ್ಲವೇ? ಟ್ರಿಲಿಯನ್ ಅಂದರೆ ಹತ್ತು ಲಕ್ಷ ಕೋಟಿ ಎಂದುಕೊಂಡರೆ 30 ಚೌಕಟ್ಟು ಬರಬೇಕು.

#9 · ನಕ್ಷೆಪುಟ

ಟ್ರಿಲಿಯನ್ ಅಂದರೆ ಒಂದು ಲಕ್ಷ ಕೋಟಿ, 1ರ ಮುಂದೆ 12 ಸೊನ್ನೆ. ಹತ್ತು ಲಕ್ಷ ಕೋಟಿಗೆ 13 ಸೊನ್ನೆ. ಆದ್ದರಿಂದ 3 ಚೌಕಟ್ಟೇ ಸರಿ. ಗೊಂದಲ ಹುಟ್ಟುವುದು ಮಿಲಿಯನ್ ಅಂದರೆ ಹತ್ತು ಲಕ್ಷ ಆಗಿರುವುದರಿಂದ. ಆ ‘ಹತ್ತು’ ಟ್ರಿಲಿಯನ್‌ಗೂ ಅಂಟಿಕೊಳ್ಳುತ್ತದೆ. ಸುರಕ್ಷಿತ ದಾರಿ: ಮೂಲ ಸಂಖ್ಯೆಯನ್ನು ಮೊದಲು ಸೊನ್ನೆಗಳಲ್ಲಿ ಬರೆಯಿರಿ, ಬಲದಿಂದ 7 ಅಂಕಿ ಕತ್ತರಿಸಿ. ಎಡಕ್ಕೆ ಉಳಿದದ್ದು ಎಷ್ಟು ಕೋಟಿ ಎಂಬುದು. ಹೆಸರಿನಿಂದ ಹೆಸರಿಗೆ ಹಾರಬೇಡಿ. ಹಳೆಯ ಯೂರೋಪಿನ ಮೂಲಗಳಾದರೆ ಇನ್ನೊಂದು ಎಚ್ಚರ ಬೇಕು, ಅಲ್ಲಿನ ಹಲವು ಭಾಷೆಗಳಲ್ಲಿ ಬಿಲಿಯನ್ ಎಂಬ ಪದಕ್ಕೇ 12 ಸೊನ್ನೆ.

#10 · ಪಿಕ್ಸೆಲ್‌ಗೂಡು

ವೆಬ್ ಪುಟದ ಕಡೆಯಿಂದ. ಈ ಮೆಟ್ಟಿಲು ವಿಧಾನದ ದೊಡ್ಡ ಅನುಕೂಲವೆಂದರೆ 30 ಲಕ್ಷ ಕೋಟಿ ಚುಕ್ಕಿ ಬಿಡಿಸುವ ಪ್ರಶ್ನೆಯೇ ಬರುವುದಿಲ್ಲ. ಚೌಕಟ್ಟಿನ ಬದಿ 600 ಪಿಕ್ಸೆಲ್ ಆದರೆ ಮನೆ 60 ಪಿಕ್ಸೆಲ್, ಮನೆಯೊಳಗಿನ ಮನೆ 6 ಪಿಕ್ಸೆಲ್, ಅದರೊಳಗಿನದು 0.6 ಪಿಕ್ಸೆಲ್. ಕೊನೆಯದು ಕಾಣುವುದಿಲ್ಲ, ಅಲ್ಲಿ ಸರಾಸರಿ ಬಣ್ಣ ತುಂಬಿದರೆ ಆಯಿತು. ಯಾವ ಹಂತದಲ್ಲೂ 10,000 ಚೌಕಗಳಿಗಿಂತ ಹೆಚ್ಚು ಬಿಡಿಸಬೇಕಿಲ್ಲ. ಅಷ್ಟಕ್ಕೆ ಕ್ಯಾನ್ವಾಸ್ (ಬ್ರೌಸರ್ ನೇರವಾಗಿ ಪಿಕ್ಸೆಲ್ ಬಳಿಯುವ ವಿಧಾನ) ಸಾಕು. ಎಸ್‌ವಿಜಿಯಲ್ಲಿ (ಪ್ರತಿ ಆಕಾರವೂ ಬೇರೆ ವಸ್ತುವಾಗಿ ಉಳಿಯುವ ವಿಧಾನ) ಮಾಡಿದರೆ ಹತ್ತು ಸಾವಿರ ಎಲಿಮೆಂಟ್ ಚಲಿಸುವಾಗ ಸಾಧಾರಣ ಫೋನ್ ಎಡವುತ್ತದೆ.

ಕೆಡುವ ಜಾಗಗಳು:

ಚಲನೆಯ ವೇಗ. ಅಳತೆಯನ್ನು 1ರಿಂದ 0.1ಕ್ಕೆ ನೇರವಾಗಿ ಇಳಿಸಿದರೆ ಶುರುವಿನಲ್ಲಿ ತೆವಳಿ ಕೊನೆಗೆ ಧಡಕ್ಕನೆ ಓಡಿದಂತೆ ಕಾಣುತ್ತದೆ. ಪ್ರತಿ ಕ್ಷಣವೂ ಒಂದೇ ಗುಣಕದಿಂದ ಕುಗ್ಗಬೇಕು: ಕಾಲ ಟಿ 0ಯಿಂದ 1ಕ್ಕೆ ಹೋದಾಗ ಅಳತೆ 10ರ ಘಾತ ಮೈನಸ್ ಟಿ. ಒಂದು ಮೆಟ್ಟಿಲಿಗೆ 2ರಿಂದ 2.5 ಸೆಕೆಂಡ್ ಇರಲಿ, ನಂತರ ನಿಲ್ಲಿಸಿ ಬಳಕೆದಾರರು ಒತ್ತುವವರೆಗೆ ಕಾಯಿರಿ. ಆರೂ ಮೆಟ್ಟಿಲು ಒಂದೇ ಉಸಿರಿಗೆ ಓಡಿದರೆ ಅದು ಬರೀ ಸಿನಿಮಾ.

ದಶಮಾಂಶದ ನಿಖರತೆ. ವೆಬ್‌ಜಿಎಲ್‌ನಲ್ಲಿ (ಬ್ರೌಸರಿನ ಗ್ರಾಫಿಕ್ಸ್ ವ್ಯವಸ್ಥೆ) 32 ಬಿಟ್ ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆಯ ರೂಪ, ಪೂರ್ಣಾಂಕಗಳನ್ನು 1,67,77,216ರವರೆಗೆ ಮಾತ್ರ ತಪ್ಪಿಲ್ಲದೆ ಹಿಡಿಯುತ್ತದೆ. ಇಡೀ ಲೋಕಕ್ಕೆ ಒಂದೇ ನಿರ್ದೇಶಾಂಕ ವ್ಯವಸ್ಥೆ ಇಟ್ಟು ಆಳಕ್ಕೆ ಜೂಮ್ ಮಾಡಿದರೆ ಕೋಟಿ ದಾಟುತ್ತಿದ್ದಂತೆ ಚುಕ್ಕಿಗಳು ನಡುಗಲು ಶುರು. ಪ್ರತಿ ಚೌಕಟ್ಟಿಗೂ ಮೂಲಬಿಂದುವನ್ನು ಹೊಸದಾಗಿ ಸೊನ್ನೆಗೆ ತನ್ನಿ, ತೊಂದರೆ ಹೋಗುತ್ತದೆ. ಎಣಿಕೆಯ ಕೌಂಟರ್‌ಗೆ 32 ಬಿಟ್ ಇಂಟಿಜರ್ ಬೇಡ, 214 ಕೋಟಿ ದಾಟಿದ ಕೂಡಲೇ ಮೈನಸ್ ಸಂಖ್ಯೆ ತೋರಿಸುತ್ತದೆ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆ ನಿಮ್ಮ 30 ಲಕ್ಷ ಕೋಟಿಗೆ ಧಾರಾಳ.

ಅಲೆ ಅಲೆ ಪಟ್ಟೆಗಳು. 1 ಪಿಕ್ಸೆಲ್ ಚುಕ್ಕಿ, 1 ಪಿಕ್ಸೆಲ್ ಸಂದು ಇಟ್ಟು, ಪರದೆಯ ಅಳತೆ 125 ಅಥವಾ 150 ಶೇಕಡಾ ಇದ್ದರೆ ಇಲ್ಲದ ಪಟ್ಟೆಗಳು ಮೂಡುತ್ತವೆ. ಜನ ಅದನ್ನೇ ಮಾಹಿತಿ ಎಂದು ಓದುತ್ತಾರೆ. ಸಾಧನದ ಪಿಕ್ಸೆಲ್ ಅನುಪಾತ ಓದಿ, ಮನೆಯ ಅಗಲ ಸಾಧನದ ಪೂರ್ಣ ಪಿಕ್ಸೆಲ್‌ಗೆ ಬರುವಂತೆ ಚೌಕಟ್ಟನ್ನೇ ಸ್ವಲ್ಪ ಕಿರಿದು ಮಾಡಿ.

ಸ್ಥಿರ ಚಿತ್ರವಾಗಿ ಹಂಚುವುದಾದರೆ ಪಿಎನ್‌ಜಿ ಬಳಸಿ. ಜೆಪೆಗ್ ಸಣ್ಣ ಚುಕ್ಕಿಗಳ ಸುತ್ತ ಕೊಳೆ ಎಬ್ಬಿಸುತ್ತದೆ. ಮೆಸೇಜಿಂಗ್ ಆಪ್‌ಗಳು ಚಿತ್ರ ಕುಗ್ಗಿಸಿದಾಗ ಚುಕ್ಕಿಗಳೆಲ್ಲ ಸೇರಿ ಬೂದು ಬಣ್ಣದ ತಗಡಾಗುತ್ತದೆ, ಅದಕ್ಕೆ ಹಂಚಲೆಂದೇ ದೊಡ್ಡ ಚುಕ್ಕಿಯ ಪ್ರತ್ಯೇಕ ಚಿತ್ರ ಮಾಡಿ.

ಚಲನೆ ಕಡಿಮೆ ಇರಲಿ ಎಂದು ಸಾಧನದಲ್ಲಿ ಆಯ್ಕೆ ಮಾಡಿಕೊಂಡವರಿಗೆ ಆರು ಚೌಕಟ್ಟುಗಳನ್ನು ಸಾಲಾಗಿ ನಿಲ್ಲಿಸಿ ತೋರಿಸಿ, ಪ್ರತಿಯೊಂದರ ಒಂದು ಮನೆಯ ಮೂಲೆಗಳಿಂದ ಹಿಂದಿನ ಚೌಕಟ್ಟಿನ ಮೂಲೆಗಳಿಗೆ ತೆಳು ಗೆರೆ ಎಳೆಯಿರಿ. ನಿಜ ಹೇಳಬೇಕೆಂದರೆ ಆ ಸ್ಥಿರ ರೂಪವೇ ಚಲಿಸುವುದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಂದಿನ ಚೌಕಟ್ಟು ಕಣ್ಣ ಮುಂದೆಯೇ ಇರುತ್ತದೆ, ನೆನಪಿನಲ್ಲಿ ಹೊರಬೇಕಿಲ್ಲ.

#11 · ಚುಕ್ಕಿಎಣಿಕೆ

ಮನೆಗಳ ನಡುವೆ ಸಂದು ಬಿಡಲೇಬೇಕು. ಕಣ್ಣು ಎಣಿಸದೆ ಗುರುತಿಸುವುದು ನಾಲ್ಕು ವಸ್ತುಗಳವರೆಗೆ. ಹತ್ತರ ಸಾಲನ್ನು ಐದೈದಾಗಿ ಒಡೆದು ನಡುವೆ ಸ್ವಲ್ಪ ಹೆಚ್ಚು ಜಾಗ ಕೊಟ್ಟರೆ 86 ಎಂಬುದನ್ನು ‘ಎಂಟು ಸಾಲು, ಮೇಲೆ ಆರು’ ಎಂದು ತಟ್ಟನೆ ಓದಬಹುದು. ಒಂದೇ ಸಮ ಚುಕ್ಕಿ ಹರಡಿದರೆ ಸಾವಿರವೂ ಹತ್ತು ಸಾವಿರವೂ ಕಣ್ಣಿಗೆ ‘ತುಂಬಾ’ ಅಷ್ಟೇ.

#12 · ಗೆರೆಗಾರ

ವೆಬ್ ಪುಟದ ದಾರಿ ಸಿಕ್ಕಿತು. ಪೋಸ್ಟರ್‌ನಲ್ಲಿ ಚಲನೆ ಇಲ್ಲ. ಎ0 ಹಾಳೆ ಹೆಚ್ಚುಕಡಿಮೆ 1 ಚದರ ಮೀಟರ್, ಅಂದರೆ 1 ಮಿ.ಮೀ. ಮನೆಗಳು ಹತ್ತು ಲಕ್ಷ. ಹತ್ತು ಲಕ್ಷ ಚುಕ್ಕಿಯನ್ನು ನಿಜವಾಗಿಯೇ ಮುದ್ರಿಸಬಹುದೇ?

#13 · ಅಚ್ಚುಮೊಳೆ

ಮುದ್ರಿಸಬಹುದು, 1 ಮಿ.ಮೀ. ಅಂತರದಲ್ಲಿ ಮಾತ್ರ ಬೇಡ. ಎರಡು ಕಾರಣ. ಅಂಚಿಗೆ, ಶೀರ್ಷಿಕೆಗೆ ಜಾಗ ಉಳಿಯುವುದಿಲ್ಲ. ಮತ್ತೆ 600 ಡಿಪಿಐನಲ್ಲಿ (ಇಂಚಿಗೆ 600 ಪಿಕ್ಸೆಲ್) 1 ಮಿ.ಮೀ. ಅಂದರೆ 23.62 ಪಿಕ್ಸೆಲ್. ಪೂರ್ಣಾಂಕ ಅಲ್ಲದ್ದರಿಂದ ಕೆಲವು ಅಂತರ 23 ಪಿಕ್ಸೆಲ್, ಕೆಲವು 24 ಆಗಿ ಹಾಳೆಯ ತುಂಬ ಪಟ್ಟೆ ಮೂಡುತ್ತದೆ.

ಹೀಗೆ ಮಾಡಿ. ಅಂತರ 20 ಪಿಕ್ಸೆಲ್, ಅಂದರೆ 0.847 ಮಿ.ಮೀ. ಚುಕ್ಕಿ 12 ಪಿಕ್ಸೆಲ್, ಸಂದು 8. ಅಡ್ಡಕ್ಕೆ 800, ಉದ್ದಕ್ಕೆ 1250 ಚುಕ್ಕಿ, ಗುಣಿಸಿದರೆ ಹತ್ತು ಲಕ್ಷ. ಪ್ರತಿ 50 ಚುಕ್ಕಿಗೊಮ್ಮೆ 40 ಪಿಕ್ಸೆಲ್ ಹೆಚ್ಚುವರಿ ಜಾಗ ಬಿಡಿ. ಅಡ್ಡಕ್ಕೆ 16, ಉದ್ದಕ್ಕೆ 25, ಒಟ್ಟು 400 ಕಟ್ಟುಗಳು, ಕಟ್ಟಿಗೆ 2,500 ಚುಕ್ಕಿ. ಇಷ್ಟೂ ಸೇರಿ ಸುಮಾರು 703×1099 ಮಿ.ಮೀ. ಆಗುತ್ತದೆ. 841×1189 ಮಿ.ಮೀ. ಹಾಳೆಯಲ್ಲಿ ಪಕ್ಕಕ್ಕೆ 69, ಮೇಲೆ ಕೆಳಗೆ 45 ಮಿ.ಮೀ. ಅಂಚು ಉಳಿಯುತ್ತದೆ. ಚುಕ್ಕಿಗಳನ್ನು ಸ್ವಲ್ಪ ಕೆಳಕ್ಕೆ ಸರಿಸಿದರೆ ಶೀರ್ಷಿಕೆಗೆ ಮೇಲೆ ಜಾಗ ಆಗುತ್ತದೆ.

ಕಡತವನ್ನು ವೆಕ್ಟರ್ ಆಗಿ, ಅಂದರೆ ಆಕಾರಗಳ ಸೂತ್ರವಾಗಿ, ಕೊಡಬೇಡಿ. ಹತ್ತು ಲಕ್ಷ ವೃತ್ತ, ಪ್ರತಿಯೊಂದಕ್ಕೂ ನಾಲ್ಕು ಬೆಜಿಯೆ ವಕ್ರರೇಖೆ. ಪಿಡಿಎಫ್ ನೂರಾರು ಎಂಬಿಗೆ ಉಬ್ಬುತ್ತದೆ, ಮುದ್ರಣ ಯಂತ್ರದ ರಿಪ್ (ಕಡತವನ್ನು ಮುದ್ರಣದ ಚುಕ್ಕಿಗಳಾಗಿಸುವ ತಂತ್ರಾಂಶ) ನಡುವೆಯೇ ಕೈಚೆಲ್ಲಬಹುದು. 600 ಡಿಪಿಐ, 1 ಬಿಟ್ (ಪ್ರತಿ ಪಿಕ್ಸೆಲ್ ಕಪ್ಪು ಅಥವಾ ಬಿಳುಪು ಮಾತ್ರ) ಬಿಟ್‌ಮ್ಯಾಪ್ ಮಾಡಿ. ಇಡೀ ಎ0ಗೆ ಸುಮಾರು 56 ಕೋಟಿ ಪಿಕ್ಸೆಲ್, ಕುಗ್ಗಿಸದೆ 70 ಎಂಬಿ. ಒಂದೇ ವಿನ್ಯಾಸ ಮರುಕಳಿಸುವುದರಿಂದ ಕುಗ್ಗಿಸಿದರೆ ತೀರಾ ಚಿಕ್ಕದಾಗುತ್ತದೆ. ಎರಡನೇ ಬಣ್ಣ ಬೇಕಾದರೆ ಇನ್ನೊಂದು 1 ಬಿಟ್ ಪದರ ಸೇರಿಸಿ.

ಚುಕ್ಕಿಗೆ ಪೂರ್ಣ ಶಾಯಿಯ ಬಣ್ಣವೇ ಇರಲಿ. 40 ಶೇಕಡಾ ಬೂದು ಕೊಟ್ಟರೆ ಅರ್ಧ ಮಿ.ಮೀ. ಚುಕ್ಕಿಯನ್ನು ಯಂತ್ರ ಮತ್ತೆ ಸಣ್ಣ ಚುಕ್ಕಿಗಳಾಗಿ ಒಡೆಯುತ್ತದೆ, ಅಂಚು ಹರಿದುಹೋಗುತ್ತದೆ. ಮುದ್ರಣದ ವೇಳೆ ‘ಹಾಳೆಗೆ ಹೊಂದಿಸು’ ಆಯ್ಕೆ ತೆಗೆದು 100 ಶೇಕಡಾ ಇಡಿ. 98 ಶೇಕಡಾ ಆದರೂ ಮೇಲಿನ ಲೆಕ್ಕವೆಲ್ಲ ನೀರಿನಲ್ಲಿ ಮಾಡಿದ ಹೋಮ.

ನೋಡುವ ದೂರ: ಒಳ್ಳೆಯ ಕಣ್ಣು ಕೋನದ 1 ನಿಮಿಷದಷ್ಟು ಸಂದನ್ನು ಬೇರ್ಪಡಿಸುತ್ತದೆ. 8 ಪಿಕ್ಸೆಲ್ ಅಂದರೆ 0.34 ಮಿ.ಮೀ., ಅದು ಸುಮಾರು 1.2 ಮೀಟರ್‌ವರೆಗೆ ಕಾಣುತ್ತದೆ. ಅದರಾಚೆ ಬೂದು ಹಾಳೆ. ಹಾಗಾಗಿ ಪೋಸ್ಟರ್ ಹತ್ತಿರ ಹೋಗಿ ನಿಲ್ಲುವಂಥ ಜಾಗದಲ್ಲಿ, ಕಣ್ಣಿನ ಮಟ್ಟದಲ್ಲಿ ಇರಬೇಕು. ದೂರದಿಂದ 400 ಕಟ್ಟುಗಳು, ಹತ್ತಿರದಿಂದ ಚುಕ್ಕಿಗಳು.

#14 · ನಕ್ಷೆಪುಟ

ಅಚ್ಚುಮೊಳೆ ಅವರ ಲೆಕ್ಕ ನಿಮ್ಮ ಸಂಖ್ಯೆಗಳಿಗೆ ಚೆನ್ನಾಗಿ ಕೂರುತ್ತದೆ. ಜೀನ್‌ಗಳು 8 ಕಟ್ಟು. ಕೂದಲು 40 ಕಟ್ಟು. ನರಕೋಶಗಳಿಗೆ ಇಂಥವೇ 86,000 ಪೋಸ್ಟರ್, ಜೀವಕೋಶಗಳಿಗೆ 3 ಕೋಟಿ ಪೋಸ್ಟರ್. ಹಾಳೆ 0.1 ಮಿ.ಮೀ. ದಪ್ಪವಿದ್ದರೆ ಮೊದಲನೆಯ ರಾಶಿ 8.6 ಮೀಟರ್ ಎತ್ತರ, ಎರಡನೆಯದು 3 ಕಿ.ಮೀ. ಪೋಸ್ಟರ್‌ನ ಕೆಳಅಂಚಿನಲ್ಲಿ ಇಷ್ಟು ಬರೆದರೆ ಸಾಕು. ಕೈಯಲ್ಲಿ ಮುಟ್ಟಬಹುದಾದ ಹಾಳೆಯೇ ಅಳತೆಯ ಮೂಲಮಾನ ಆಯಿತು. ನಿಮ್ಮ ಹಾಳೆ ಇನ್ನೂ ದಪ್ಪವಾದರೆ ರಾಶಿಯ ಎತ್ತರವನ್ನೂ ತಿದ್ದಿ, 0.2 ಮಿ.ಮೀ. ಆದರೆ ಎಲ್ಲ ಎರಡರಷ್ಟು.

#15 · ಬಿಂದುಬಳಗ

ಇದಕ್ಕಿಂತ ಸೆಕೆಂಡ್ ಲೆಕ್ಕ ಸುಲಭ ಅಲ್ಲವೇ? ಸೆಕೆಂಡಿಗೆ ಒಂದರಂತೆ ಎಣಿಸಿದರೆ ಜೀನ್‌ಗಳಿಗೆ 5 ಗಂಟೆ 33 ನಿಮಿಷ, ಕೂದಲಿಗೆ 27 ಗಂಟೆ 47 ನಿಮಿಷ, ನರಕೋಶಗಳಿಗೆ 2,725 ವರ್ಷ, ಜೀವಕೋಶಗಳಿಗೆ ಸುಮಾರು ಒಂಬತ್ತೂವರೆ ಲಕ್ಷ ವರ್ಷ.

#16 · ಮಾಪಕ

ಮೊದಲ ಮೂರಕ್ಕೆ ಚೆನ್ನಾಗಿದೆ. ನಾಲ್ಕನೆಯದರಲ್ಲಿ ಒಂದು ಗೊತ್ತಿಲ್ಲದ ಸಂಖ್ಯೆ ಕೊಟ್ಟು ಇನ್ನೊಂದು ಗೊತ್ತಿಲ್ಲದ ಸಂಖ್ಯೆ ತೆಗೆದುಕೊಂಡಂತಾಯಿತು. ಒಂಬತ್ತೂವರೆ ಲಕ್ಷ ವರ್ಷ ಯಾರಿಗೆ ಅನುಭವಕ್ಕೆ ಬರುತ್ತದೆ? ಹೋಲಿಕೆಯ ಉತ್ತರದಲ್ಲಿ ನಾಲ್ಕಂಕಿಗಿಂತ ದೊಡ್ಡ ಸಂಖ್ಯೆ ಉಳಿದರೆ ಹೋಲಿಕೆ ಸೋತಿತು ಎಂದೇ ನನ್ನ ಎಣಿಕೆ. ‘ಚಂದ್ರನವರೆಗೆ ಇಷ್ಟು ಸಲ ಹೋಗಿಬರಬಹುದು’ ಎಂಬ ಮಾದರಿಯೂ ಇದೇ ಜಾತಿ. 3,84,400 ಕಿ.ಮೀ. ಎಷ್ಟೆಂದು ಗೊತ್ತಿಲ್ಲದವರಿಗೆ ಅದರ ಹತ್ತು ಪಟ್ಟೂ ಗೊತ್ತಾಗುವುದಿಲ್ಲ.

ಸೆಕೆಂಡ್ ಲೆಕ್ಕದಲ್ಲಿ ಇನ್ನೊಂದು ಜಾಣ ಬಳಕೆ ಇದೆ. ವೆಬ್ ಪುಟದಲ್ಲಿ ಪ್ರತಿ ಫ್ರೇಮಿಗೆ ಸಾವಿರ ಚುಕ್ಕಿ ಸುರಿಸಿದರೆ ಸೆಕೆಂಡಿಗೆ 60 ಫ್ರೇಮ್‌ನಂತೆ ಹತ್ತು ಲಕ್ಷ 17 ಸೆಕೆಂಡಿನಲ್ಲಿ ಮುಗಿಯುತ್ತದೆ. ಅದೇ ವೇಗದಲ್ಲಿ ನೂರು ಕೋಟಿಗೆ 4 ಗಂಟೆ 38 ನಿಮಿಷ. ಹತ್ತು ಲಕ್ಷ ಮುಗಿಯುವುದನ್ನು ತೋರಿಸಿ, ‘ನರಕೋಶಗಳು ಮುಗಿಯಲು ಪುಟವನ್ನು ಇನ್ನೂ 17 ದಿನ ತೆರೆದಿಡಿ’ ಎಂದು ಬರೆಯಿರಿ. 17 ಎಂಬುದು ಹಿಡಿತಕ್ಕೆ ಸಿಗುವ ಸಂಖ್ಯೆ.

#17 · ಅಳತೆಗೋಲು

ಯಾರೂ ಎತ್ತದ ವಿಷಯ: ಈ ನಾಲ್ಕೂ ಅಂದಾಜುಗಳು. 86 ಮನೆಯನ್ನು ಗಟ್ಟಿ ಬಣ್ಣದಲ್ಲಿ ತುಂಬಿದರೆ ಯಾರೋ ಒಂದೊಂದೇ ಎಣಿಸಿ ನೋಡಿದ ಹಾಗೆ ಕಾಣುತ್ತದೆ. 2009ರ ಅಧ್ಯಯನದ ಫಲಿತಾಂಶ 8,610 ಕೋಟಿ, ಹೆಚ್ಚು ಕಡಿಮೆ 810 ಕೋಟಿ, ಅದೂ ನಾಲ್ವರು ಪುರುಷರ ಮಿದುಳಿನಿಂದ. ಹಾಗಾಗಿ 78 ಮನೆ ಗಟ್ಟಿ ಬಣ್ಣ, ಮುಂದಿನ 16 ಮನೆ ಓರೆಗೆರೆ. ಓದುವವರಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ.

ಜೀವಕೋಶಗಳ 30 ಲಕ್ಷ ಕೋಟಿ 2016ರ ಲೆಕ್ಕ, 70 ಕೆ.ಜಿ. ತೂಕದ ಮಾದರಿ ಪುರುಷನಿಗೆ. 2013ರ ಇನ್ನೊಂದು ಲೆಕ್ಕ 37.2 ಲಕ್ಷ ಕೋಟಿ. ಮೂರು ಚೌಕಟ್ಟೋ ನಾಲ್ಕಕ್ಕೆ ಹತ್ತಿರವೋ ಎಂಬಷ್ಟು ವ್ಯತ್ಯಾಸ. ಮುಖ್ಯವಾದ ಇನ್ನೊಂದು ಮಾತು: 2016ರ ಲೆಕ್ಕದಲ್ಲಿ ಸುಮಾರು 84 ಶೇಕಡಾ ಕೆಂಪು ರಕ್ತಕಣಗಳು. ಮೂರು ಚೌಕಟ್ಟಿನ 300 ಮನೆಗಳಲ್ಲಿ 252 ಮನೆ ಅವುಗಳದ್ದೇ. ಆ 252ನ್ನು ಕೆಂಪು ಮಾಡಿದರೆ ನಿಮ್ಮ ಚಿತ್ರ ಬರೀ ದೊಡ್ಡ ಸಂಖ್ಯೆ ತೋರಿಸುವುದನ್ನು ಬಿಟ್ಟು ಒಂದು ಹೊಸ ವಿಷಯ ಹೇಳುತ್ತದೆ. ಕೆಂಪು, ಹಸಿರು ಒಟ್ಟಿಗೆ ಮಾತ್ರ ಬೇಡ, ಎರಡನ್ನೂ ಬೇರ್ಪಡಿಸಲಾಗದವರು ಇರುತ್ತಾರೆ. ಕೆಂಪು ಮತ್ತು ತಿಳಿ ಬೂದು ಸಾಕು.

#18 · ಗೆರೆಗಾರ

252 ಕೆಂಪು ಮನೆಗಳ ವಿಚಾರ ಹೊಳೆದಿರಲಿಲ್ಲ. ಹಾಗಾದರೆ ಹೀಗೆ: ವೆಬ್‌ನಲ್ಲಿ ಆರು ಚೌಕಟ್ಟುಗಳ ಸ್ಥಿರ ಸಾಲು ಮೊದಲು, ಒತ್ತಿದರೆ ಚಲನೆ. ಪೋಸ್ಟರ್‌ನಲ್ಲಿ ಹತ್ತು ಲಕ್ಷ ಚುಕ್ಕಿ, 8 ಮತ್ತು 40 ಕಟ್ಟುಗಳಿಗೆ ಬಣ್ಣ. ಜೀನ್‌ಗಳ 8 ಕಟ್ಟನ್ನು ಕೂದಲಿನ 40ರ ಒಳಗೇ ತೋರಿಸಲೇ, ಬೇರೆ ಇಡಲೇ?

#19 · ಅಚ್ಚುಮೊಳೆ

ಬೇರೆ ಇಡಿ. ಒಳಗಿಟ್ಟರೆ ಜೀನ್ ಎಂಬುದು ಕೂದಲಿನ ಒಂದು ಭಾಗ ಎಂದು ಓದುತ್ತಾರೆ. ಜೀನ್‌ಗಳಿಗೆ ಮೇಲಿನ ಎಡ ಮೂಲೆಯ ಅರ್ಧ ಸಾಲು, ಅಂದರೆ 8 ಕಟ್ಟು. ಕೂದಲಿಗೆ ಕೆಳಗಿನ ಎರಡೂವರೆ ಸಾಲು, ಅಂದರೆ 40. ಮುದ್ರಿಸುವ ಮೊದಲು ಒಂದೇ ಕಟ್ಟನ್ನು ಎ4 ಹಾಳೆಯಲ್ಲಿ 100 ಶೇಕಡಾ ಅಳತೆಗೆ ತೆಗೆದು ಭೂತಗನ್ನಡಿಯಲ್ಲಿ ನೋಡಿ. ಸ್ಕೇಲ್ ಹಿಡಿದರೆ ಮೊದಲ ಚುಕ್ಕಿಯ ಅಂಚಿನಿಂದ ಐವತ್ತನೆಯದರ ಅಂಚಿನವರೆಗೆ 42 ಮಿ.ಮೀ. ಬರಬೇಕು.